ಬೆನ್ನಿಗೆ ಚೀಲ, ಜೊತೆಗೆ ಸಂಗಾತಿ: ಹೊರದೇಶಕ್ಕೆ ಹೊರಡುವ ಮುನ್ನ

ಕಾಫಿ ಕೊಯ್ಲು ಮುಗಿದು, ಹೂ ಮಳೆಗೆ ಕಾಯುವ ದಿನಗಳಲ್ಲಿ ನಮ್ಮ ಹೆತ್ತೂರು, ಸಕಲೇಶಪುರ, ಆಲೂರು ಕಡೆಯ ತೋಟದವರಿಗೆ ಸ್ವಲ್ಪ ಬಿಡುವು. ಈ ಬಿಡುವಿನಲ್ಲಿ ಊಟಿ, ಮೈಸೂರು ನೋಡಿ ಬರುತ್ತಿದ್ದ ಕಾಲ ಹೋಯಿತು. ಈಗಿನ ಯುವ ದಂಪತಿಗಳು ಬೆನ್ನಿಗೊಂದು ಚೀಲ ಹಾಕಿಕೊಂಡು ನೇಪಾಳ, ಶ್ರೀಲಂಕಾ, ಥಾಯ್ಲೆಂಡ್, ವಿಯೆಟ್ನಾಂಗಳಿಗೆ ಹೋಗಿಬರುತ್ತಾರೆ. ಅಗ್ಗದ ಕೋಣೆ, ಬೀದಿ ಬದಿಯ ಊಟ, ರಾತ್ರಿ ಬಸ್ಸಿನ ಪ್ರಯಾಣ. ಖರ್ಚು ಕಡಿಮೆ, ಅನುಭವ ಹೆಚ್ಚು. ಗಂಡ ಹೆಂಡತಿ ಒಬ್ಬರನ್ನೊಬ್ಬರು ಅರಿಯುವುದಕ್ಕೂ ಇದು ಒಳ್ಳೆಯ ದಾರಿ. ಆದರೆ ದುಡ್ಡು ಉಳಿಸುವ ಭರದಲ್ಲಿ ಆರೋಗ್ಯವನ್ನು ಕಳೆದುಕೊಳ್ಳಬಾರದಲ್ಲವೇ?

ಜೋಡಿಯಾಗಿ ಹೋಗುವುದರ ಲಾಭವೆಂದರೆ ಒಬ್ಬರು ಮಲಗಿದರೆ ನೋಡಿಕೊಳ್ಳಲು ಇನ್ನೊಬ್ಬರು ಇರುತ್ತಾರೆ. ಅಪಾಯವೂ ಅಲ್ಲಿಯೇ ಇದೆ. 'ನನ್ನಿಂದ ಇವರ ಪ್ರವಾಸ ಕೆಡಬಾರದು, ಕಟ್ಟಿದ ದುಡ್ಡು ಹಾಳಾಗಬಾರದು' ಎಂದು ಒಬ್ಬರು ಕಾಯಿಲೆಯನ್ನು ಬಚ್ಚಿಡುತ್ತಾರೆ. ಹೀಗೆ ಬಚ್ಚಿಟ್ಟ ಕಾಯಿಲೆ ಪರದೇಶದಲ್ಲಿ ದುಬಾರಿಯಾಗುತ್ತದೆ.

ಎತ್ತರದ ಕಾಯಿಲೆ

ನಮ್ಮ ಪಕ್ಕದ ಕುಮಾರಪರ್ವತದ ಎತ್ತರ 1,712 ಮೀಟರ್. ಎವರೆಸ್ಟ್ ದಾರಿಯಲ್ಲಿರುವ ನಾಮ್ಚೆ ಬಜಾರ್ 3,440 ಮೀಟರ್, ಬೇಸ್ ಕ್ಯಾಂಪ್ 5,364 ಮೀಟರ್. ಸುಮಾರು 5,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಇಳಿದಿರುತ್ತದೆ. 'ನಾವು ಮಲೆನಾಡಿನವರು, ಗುಡ್ಡ ಹತ್ತಿ ಬೆಳೆದವರು' ಎಂಬ ಧೈರ್ಯ ಅಲ್ಲಿ ನಡೆಯದು. ಎತ್ತರದ ಕಾಯಿಲೆಗೆ ಗಟ್ಟಿಮುಟ್ಟಾದವರು, ಸಣಕಲರು ಎಂಬ ಭೇದವಿಲ್ಲ. ಬೇಗ ಬೇಗ ಹತ್ತುವವರಿಗೆ ಅದು ಹೆಚ್ಚಾಗಿ ಬರುತ್ತದೆ.

ನನ್ನಲ್ಲಿಗೆ ಚಿಕಿತ್ಸೆಗೆ ಬರುವ ಒಂದು ದಂಪತಿಯ ಸಂಗತಿ ಕೇಳಿ. ರೈಲಿನಲ್ಲಿ ಗೋರಖ್‌ಪುರಕ್ಕೆ ಹೋಗಿ, ಸೋನೌಲಿ ಗಡಿ ದಾಟಿ, ಬಸ್ಸಿನಲ್ಲಿ ಕಾಠ್ಮಂಡು ತಲುಪಿ, ಅಲ್ಲಿಂದ ಎವರೆಸ್ಟ್ ದಾರಿ ಹಿಡಿದಿದ್ದರು. ನಾಮ್ಚೆಯಲ್ಲಿ ಹೆಂಡತಿಗೆ ತಲೆನೋವು, ವಾಕರಿಕೆ. ಆಕೆ ಹೇಳಲಿಲ್ಲ. ಒಂದು ದಿನದ ಕೋಣೆ ಬಾಡಿಗೆ ಉಳಿಯುತ್ತದೆಂದು ಅಲ್ಲಿ ವಿಶ್ರಾಂತಿಯನ್ನೂ ಪಡೆಯದೆ ಮುಂದೆ ನಡೆದರು. ಸುಮಾರು 3,860 ಮೀಟರ್ ಎತ್ತರದ ತೆಂಗ್‌ಬೋಚೆಯಲ್ಲಿ ಆಕೆ ಕುಡಿದವರಂತೆ ತೂರಾಡತೊಡಗಿದರು. ಬೂಟಿನ ದಾರ ಕಟ್ಟಲೂ ಆಗಲಿಲ್ಲ. ಜೊತೆಗಿದ್ದ ಗೈಡ್ ಬೆಳಗಾಗುವವರೆಗೆ ಕಾಯದೆ, ಸುಮಾರು 600 ಮೀಟರ್ ಕೆಳಗಿನ ನದಿ ದಡಕ್ಕೆ ಆಗಲೇ ಇಳಿಸಿದ. ಆಕೆ ಚೇತರಿಸಿಕೊಂಡರು. ಅದು ಮೆದುಳಿನಲ್ಲಿ ನೀರು ತುಂಬಿಕೊಳ್ಳುವ ಸ್ಥಿತಿಯ ಲಕ್ಷಣ. ಅಲ್ಲಿಯೇ ಮಲಗಿಸಿದ್ದರೆ ಪ್ರಾಣಕ್ಕೇ ಅಪಾಯವಿತ್ತು.

ಆದ್ದರಿಂದ ಈ ನಿಯಮಗಳನ್ನು ನೆನಪಿಡಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಮೇಲಕ್ಕೆ ಹೋಗಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ವಿಶ್ರಾಂತಿ ಬೇಕು. ತಲೆನೋವಿನ ಜೊತೆ ವಾಂತಿ, ಸುಸ್ತು ಇದ್ದರೆ ಮೇಲೆ ಹತ್ತಬೇಡಿ. ನಡಿಗೆ ತಪ್ಪಿದರೆ, ಮಾತು ತೊದಲಿದರೆ, ಸುಮ್ಮನೆ ಕುಳಿತಾಗಲೂ ಏದುಸಿರು ಬಂದರೆ ಹಗಲು ರಾತ್ರಿ ನೋಡದೆ ಕೆಳಗಿಳಿಯಿರಿ. ಅಸೆಟಜೋಲಮೈಡ್ ಎಂಬ ಮಾತ್ರೆ ಈ ಕಾಯಿಲೆಯನ್ನು ತಡೆಯಲು ನೆರವಾಗುತ್ತದೆ. ಆದರೆ ಸಲ್ಫಾ ಔಷಧಿ ಒಗ್ಗದವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಸೇವಿಸಕೂಡದು.

ಹೊಟ್ಟೆಯ ತೊಂದರೆ

ಪ್ರವಾಸಿಗರನ್ನು ಅತಿ ಹೆಚ್ಚಾಗಿ ಕಾಡುವುದು ಭೇದಿ. ಬೀದಿ ಬದಿಯ ಊಟವೆಲ್ಲ ಕೆಟ್ಟದ್ದಲ್ಲ. ಕಣ್ಣೆದುರು ಬೇಯಿಸಿ ಹಬೆಯಾಡುತ್ತಿರುವಾಗ ಬಡಿಸಿದ್ದು ಬಹುಮಟ್ಟಿಗೆ ಸುರಕ್ಷಿತ. ಹೆಚ್ಚಿಟ್ಟ ಹಣ್ಣು, ಹಸಿ ತರಕಾರಿ, ಐಸ್ ಹಾಕಿದ ಪಾನೀಯ ಬೇಡ. ನೀರನ್ನು ಒಂದು ನಿಮಿಷ ಚೆನ್ನಾಗಿ ಕುದಿಸಿ. 2,000 ಮೀಟರಿಗಿಂತ ಮೇಲೆ ನೀರು ಕಡಿಮೆ ಬಿಸಿಯಲ್ಲೇ ಕುದಿಯುವುದರಿಂದ ಮೂರು ನಿಮಿಷ ಕುದಿಸಬೇಕು.

ಭೇದಿ ಶುರುವಾದರೆ ಓಆರ್‌ಎಸ್ ಪೊಟ್ಟಣವೇ ಮೊದಲ ಮದ್ದು. ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಆಗಾಗ ಕುಡಿಯಿರಿ. ಜ್ವರ ಅಥವಾ ರಕ್ತ ಇದ್ದಲ್ಲಿ ಭೇದಿ ನಿಲ್ಲಿಸುವ ಮಾತ್ರೆ ನುಂಗದೆ ವೈದ್ಯರಲ್ಲಿಗೆ ಹೋಗಿ.

ಮಹಿಳೆಯರ ಗಮನಕ್ಕೆ

ದಾರಿಯಲ್ಲಿ ಶೌಚಾಲಯ ಸಿಗದೆಂಬ ಅಂಜಿಕೆಯಿಂದ ಹೆಣ್ಣುಮಕ್ಕಳು ನೀರನ್ನೇ ಕುಡಿಯುವುದಿಲ್ಲ. ಇದರಿಂದ ಮೂತ್ರನಾಳದ ಸೋಂಕು ಬರಬಹುದು. ಉರಿಮೂತ್ರದ ಜೊತೆ ಚಳಿಜ್ವರ, ಬೆನ್ನುನೋವು ಇದ್ದರೆ ತಡಮಾಡಬೇಡಿ. ಬಸ್ಸು ಆರಿಸುವಾಗ ಟಿಕೆಟ್ ದರದ ಜೊತೆಗೆ ಅದು ಎಲ್ಲೆಲ್ಲಿ ನಿಲ್ಲುತ್ತದೆಂಬುದನ್ನೂ ಗಂಡಂದಿರು ವಿಚಾರಿಸಬೇಕು.

ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಿ, ಬಹಳ ಹೊತ್ತು ಕುಳಿತು ಪ್ರಯಾಣಿಸಿದಾಗ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಕೊಂಚ ಹೆಚ್ಚು. ಗಂಟೆಗೆ ಒಂದೆರಡು ಬಾರಿ ಪಾದಗಳನ್ನು ಆಡಿಸಿ, ಅವಕಾಶವಾದಾಗ ಎದ್ದು ಓಡಾಡಿ. ಒಂದೇ ಕಾಲು ಊದಿ ನೋವಾದರೆ, ದಿಢೀರನೆ ಉಸಿರು ಕಟ್ಟಿದರೆ ಕೂಡಲೇ ಆಸ್ಪತ್ರೆ ಸೇರಿ.

ಸೊಳ್ಳೆ, ನಾಯಿ, ಬೈಕು

ಇಂಬಳಕ್ಕೆ ಅಂಜದ ನಾವು ಸೊಳ್ಳೆಯನ್ನು ಹಗುರವಾಗಿ ಕಾಣುತ್ತೇವೆ. ಆಗ್ನೇಯ ಏಷ್ಯಾದಲ್ಲಿ ಡೆಂಗಿ ಸಾಮಾನ್ಯ, ಅದನ್ನು ಹರಡುವ ಸೊಳ್ಳೆ ಹಗಲಿನಲ್ಲೇ ಕಚ್ಚುತ್ತದೆ. ಜ್ವರ ಬಂದರೆ ಪ್ಯಾರಸಿಟಮಾಲ್ ಮಾತ್ರ ಸಾಕು. ಆಸ್ಪಿರಿನ್, ಐಬುಪ್ರೊಫೆನ್ ನುಂಗಿದರೆ ರಕ್ತಸ್ರಾವದ ಭಯವಿದೆ. ದೇವಸ್ಥಾನಗಳ ಬಳಿ ನಾಯಿ, ಮಂಗ ಕಚ್ಚಿದರೆ ಗಾಯವನ್ನು ಸೋಪು, ನೀರಿನಿಂದ 15 ನಿಮಿಷ ತೊಳೆದು, ಅಂದೇ ರೇಬಿಸ್ ಲಸಿಕೆ ಆರಂಭಿಸಿ. ಊರಿಗೆ ಮರಳಿದ ಮೇಲೆ ಎಂದು ಮುಂದೂಡಬೇಡಿ.

ಅಗ್ಗಕ್ಕೆ ಸಿಗುತ್ತದೆಂದು ಬಾಡಿಗೆ ಬೈಕ್ ಏರುವವರು ಪರವಾನಗಿಯ ವಿಷಯ ತಿಳಿದಿರಬೇಕು. ಭಾರತದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ 1949ರ ಜಿನೀವಾ ಒಪ್ಪಂದದ ಪ್ರಕಾರದ್ದು. ವಿಯೆಟ್ನಾಂ ಒಪ್ಪುವುದು 1968ರ ವಿಯೆನ್ನಾ ಒಪ್ಪಂದದ್ದನ್ನು. ಪರವಾನಗಿ ನಡೆಯದ ಕಡೆ ಅಪಘಾತವಾದರೆ ವಿಮಾ ಕಂಪನಿ ಹಣ ಕೊಡಲು ನಿರಾಕರಿಸಬಹುದು.

ಹೊರಡುವ ಮುನ್ನ

ಪ್ರಯಾಣ ವಿಮೆಯ ದುಡ್ಡನ್ನು ಉಳಿಸಲು ಹೋಗಬೇಡಿ. ಎಷ್ಟು ಎತ್ತರದ ಚಾರಣಕ್ಕೆ ಅದು ಅನ್ವಯಿಸುತ್ತದೆಂದು ಓದಿ ನೋಡಿ. ಮೊದಲೇ ಇರುವ ಸಕ್ಕರೆ ಕಾಯಿಲೆ, ರಕ್ತದೊತ್ತಡವನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ. ನಿತ್ಯದ ಮಾತ್ರೆಗಳನ್ನು ಎರಡು ಪಾಲು ಮಾಡಿ ಇಬ್ಬರ ಚೀಲದಲ್ಲೂ ಇಡಿ. ಒಂದು ಕಳೆದರೂ ಇನ್ನೊಂದಿರುತ್ತದೆ. ವಿಮಾನದಲ್ಲಿ ಇನ್ಸುಲಿನ್ ಕೈಚೀಲದಲ್ಲೇ ಇರಲಿ. ವೈದ್ಯರ ಚೀಟಿಯ ಪ್ರತಿ ಜೊತೆಗಿರಲಿ, ಏಕೆಂದರೆ ನಮ್ಮಲ್ಲಿ ಚೀಟಿಯ ಮೇಲೆ ಸಿಗುವ ಕೆಲವು ನೋವಿನ ಮಾತ್ರೆಗಳಿಗೆ ಕೊಲ್ಲಿ ದೇಶಗಳಲ್ಲಿ ಕಟ್ಟುನಿಟ್ಟಿನ ನಿರ್ಬಂಧವಿದೆ.

ಇಬ್ಬರ ನಡುವಿನ ಜಗಳವೂ ಪ್ರವಾಸದ ಒಂದು ಭಾಗವೇ. ಹಸಿವು, ನಿದ್ದೆಗೇಡು, ಖರ್ಚಿನ ಚಿಂತೆ ಮೂರೂ ಸೇರಿದರೆ ಎಂಥವರೂ ಸಿಡುಕುತ್ತಾರೆ. ಮೂರು ರಾತ್ರಿ ಬಸ್ಸಿನಲ್ಲಿ ಕಳೆದರೆ ನಾಲ್ಕನೆಯ ರಾತ್ರಿ ಒಳ್ಳೆಯ ಹಾಸಿಗೆಗೆ ಖರ್ಚು ಮಾಡಿ. ಅದೂ ಔಷಧಿಯೇ. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯಲ್ಲೇ ಕುಳಿತು ಒಂದು ಒಪ್ಪಂದ ಮಾಡಿಕೊಳ್ಳಿ: ಇಬ್ಬರಲ್ಲಿ ಯಾರಿಗೆ ಮೈ ಸರಿಯಿಲ್ಲವೋ ಅವರ ಮಾತೇ ಕೊನೆಯ ಮಾತು. 'ಸಾಕು, ಇಳಿಯೋಣ' ಎಂದು ಅವರು ಹೇಳಿದರೆ ಇನ್ನೊಬ್ಬರು ಲೆಕ್ಕ ಹಾಕದೆ ಇಳಿಯಬೇಕು. ಕಟ್ಟಿದ ಹಣ ಹೋದರೆ ಮುಂದಿನ ಕೊಯ್ಲಿಗೆ ಬಂದೀತು, ಆ ಬೆಟ್ಟವೂ ಅಲ್ಲೇ ಇರುತ್ತದೆ.