ಕನಸಿಗೆ ಟಿ.ಸಿ. ಬೇಕಿಲ್ಲ

‘ಓದು ಬಿಟ್ಟು ಪೂರ್ತಿ ಆಟಕ್ಕೆ ಇಳಿಯಲೇ?’ ಪಿಯುಸಿ ದಾಟಿದ ಅನೇಕರನ್ನು ಕಾಡುವ ಪ್ರಶ್ನೆ ಇದು. ಎರಡು ದೋಣಿಯ ಮೇಲೆ ಕಾಲಿಡಬೇಡ ಎಂದು ಹೆದರಿಸುವವರೂ ಇದ್ದಾರೆ.

ಅವಸರ ಬೇಡ. ವಿಜಯವಾಡದ ಜ್ಯೋತಿ ಸುರೇಖಾ ವೆನ್ನಂ ಅವರನ್ನು ನೋಡಿ. ನಾಲ್ಕನೇ ವಯಸ್ಸಿನಲ್ಲೇ ಕೃಷ್ಣಾ ನದಿಯಲ್ಲಿ ಈಜಿ ಸುದ್ದಿಯಾದ ಹುಡುಗಿ, ಮುಂದೆ ಬಿಲ್ಲು ಹಿಡಿದರು, ಜೊತೆಜೊತೆಗೇ ಬಿ.ಟೆಕ್ ಮುಗಿಸಿದರು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 3 ಚಿನ್ನ ಗೆದ್ದರು. ನಮ್ಮ ಅನಿಲ್ ಕುಂಬ್ಳೆ 1990ರಲ್ಲೇ ಟೆಸ್ಟ್ ಆಡಿದರೂ ಎಂಜಿನಿಯರಿಂಗ್ ಪದವಿ ಕೈಬಿಡಲಿಲ್ಲ.

ಇನ್ನು ವಿಶಾಖಪಟ್ಟಣದ ಸೆಕ್ಯುರಿಟಿ ಗಾರ್ಡ್ ಒಬ್ಬರ ಮಗಳು ಜ್ಯೋತಿ ಯರ್ರಾಜಿ. 2022ರಲ್ಲಿ ನಮ್ಮ ಬೆಂಗಳೂರಿನಲ್ಲೇ 100 ಮೀಟರ್ ಹರ್ಡಲ್ಸನ್ನು 12.82 ಸೆಕೆಂಡಿನಲ್ಲಿ ಮುಗಿಸಿ, ಅಧಿಕೃತವಾಗಿ 13 ಸೆಕೆಂಡಿನ ಗಡಿಯೊಳಗೆ ಓಡಿದ ಮೊದಲ ಭಾರತೀಯ ಮಹಿಳೆಯಾದರು. ಅಂಥವರನ್ನೂ 2025ರಲ್ಲಿ ಮೊಣಕಾಲಿನ ಗಾಯ ಟ್ರ್ಯಾಕ್‌ನಿಂದ ಹೊರಗೆ ಕೂರಿಸಿತು. ಆಟಗಾರರ ಮೈ ಯಾವಾಗ ಕೈಕೊಡುತ್ತದೆಂದು ಯಾರೂ ಹೇಳಲಾರರು.

ಹಾಗಾಗಿ ಓದನ್ನು ಬಿಡಬೇಡಿ; ದಿನವೂ ಕ್ಲಾಸಿಗೆ ಕೂರಲಾಗದಿದ್ದರೆ ದೂರಶಿಕ್ಷಣಕ್ಕೆ ಸೇರಿ. ಮುಕ್ತ ವಿಶ್ವವಿದ್ಯಾಲಯವಾದ ಇಗ್ನೋದ ಪ್ರಾದೇಶಿಕ ಕೇಂದ್ರ ವಿಜಯವಾಡ, ವಿಶಾಖಪಟ್ಟಣ ಎರಡೂ ಊರುಗಳಲ್ಲಿದೆ. 3 ವರ್ಷದ ಪದವಿಯನ್ನು 6 ವರ್ಷದವರೆಗೂ ನಿಧಾನವಾಗಿ ಮುಗಿಸಬಹುದು. ಕ್ರೀಡಾ ಕೋಟಾದ ಕೆಲಸಕ್ಕೂ ವಿದ್ಯಾರ್ಹತೆ ಕೇಳುತ್ತಾರೆ, ನೆನಪಿರಲಿ.

ಕನಸಿನ ಬೆನ್ನು ಹತ್ತಿ, ಖಂಡಿತ. ಆದರೆ ಕಾಲೇಜಿನಿಂದ ಟಿ.ಸಿ. ಪಡೆಯುವ ಮುನ್ನ ಕೋಚ್, ಪ್ರಾಂಶುಪಾಲರು, ಅಪ್ಪ-ಅಮ್ಮ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಮಾತಾಡಿ.