ಕಾದು ಮುಂದುವರಿಯುವ ವಿವೇಕ: ಗಣಕಶಾಸ್ತ್ರದ ಒಂದು ಪಾಠ

ಪ್ರತಿಯೊಂದು ಕಾರ್ಯಕ್ಕೂ ತಕ್ಕ ಕಾಲವುಂಟೆಂಬುದನ್ನು ನಾವೆಲ್ಲರೂ ಬಾಲ್ಯದಲ್ಲಿಯೇ ಕಲಿತಿರುವೆವು. ಇದೇ ಪಾಠವನ್ನು ಗಣಕಯಂತ್ರಕ್ಕೂ ಕಲಿಸಬೇಕಾಗುವುದೆಂದರೆ ಕೆಲವರಿಗೆ ಆಶ್ಚರ್ಯವಾದೀತು. ಈ ವಿದ್ಯೆಯನ್ನು ಅಭ್ಯಸಿಸುವ ಹೆಣ್ಣುಮಕ್ಕಳು ಈಗ ರಾಜಾಜಿನಗರ, ವಿಜಯನಗರಗಳ ಮನೆಮನೆಗಳಲ್ಲಿಯೂ ಇರುವುದರಿಂದ, ತಂದೆತಾಯಿಗಳಿಗೂ ತಿಳಿಯುವಂತೆ ಇದನ್ನು ವಿವರಿಸಲು ಯತ್ನಿಸುವೆನು.

ಮೊದಲು ನನ್ನದೇ ತಪ್ಪೊಂದನ್ನು ಹೇಳುವೆನು. ಕೆಲವು ವರ್ಷಗಳ ಕೆಳಗೆ ಒಂದು ಶಾಲೆಗೆ ಅಂಕಪಟ್ಟಿಯನ್ನು ಸಿದ್ಧಪಡಿಸುವ ಪ್ರೋಗ್ರಾಮನ್ನು ಬರೆದುಕೊಟ್ಟೆನು. ಆರು ವಿಷಯಗಳ ಅಂಕಗಳು ದೂರದ ಇನ್ನೊಂದು ಯಂತ್ರದಿಂದ ಬರಬೇಕಾಗಿತ್ತು. ಅವು ಬರಲು ಎರಡು ಸೆಕೆಂಡು ಸಾಕೆಂದು ಎಣಿಸಿ, ಅಷ್ಟು ಹೊತ್ತು ತಡೆದು ಆಮೇಲೆ ಕೂಡುವಂತೆ ಏರ್ಪಡಿಸಿದೆನು. ನನ್ನ ಮೇಜಿನ ಮೇಲೆ ಎಲ್ಲವೂ ಸರಿಹೋಯಿತು. ಫಲಿತಾಂಶದ ದಿನವಾದರೋ ಕೇಳುವವರು ಹೆಚ್ಚಾಗಿ, ಉತ್ತರಗಳು ನಿಧಾನವಾದವು. ಒಬ್ಬ ಹುಡುಗಿಯ ಗಣಿತದ ಅಂಕಗಳು ತಲಪುವ ಮೊದಲೇ ಲೆಕ್ಕ ಮುಗಿದು, ಆ ಸ್ಥಾನದಲ್ಲಿ ಸೊನ್ನೆ ಬಿತ್ತು. ಆಕೆ ಅನುತ್ತೀರ್ಣಳೆಂದು ಪಟ್ಟಿಯಲ್ಲಿ ಬಂದಿತು. ಸಂಜೆಯೊಳಗೆ ತಿದ್ದಿದೆವು, ನಿಜ. ಆದರೆ ಆ ಮಗು ಅಳುತ್ತ ಮನೆಗೆ ಹೋದದ್ದನ್ನು ಯಾವ ತಿದ್ದುಪಡಿಯೂ ಅಳಿಸಲಾರದು. ಪ್ರೋಗ್ರಾಮಿನ ಒಂದೊಂದು ಸಾಲೂ ಬೇರೆಬೇರೆಯಾಗಿ ಸರಿಯೇ ಇತ್ತು. ಕಾಯುವ ರೀತಿಯೊಂದೇ ತಪ್ಪಾಗಿತ್ತು.

ಹಾಗಾದರೆ ಉತ್ತರ ಬರುವವರೆಗೂ ಯಂತ್ರವು ಸುಮ್ಮನೆ ನಿಲ್ಲಬಾರದೇ ಎಂದು ಕೇಳಬಹುದು. ಜಾವಾಸ್ಕ್ರಿಪ್ಟಿನಂತಹ ಭಾಷೆಯಲ್ಲಿ ಬರೆದ ಪ್ರೋಗ್ರಾಮಿಗೆ ಸಾಮಾನ್ಯವಾಗಿ ಕೆಲಸಮಾಡುವ ಕೈ ಒಂದೇ. ಅದು ನಿಂತರೆ ಪರದೆಯೇ ಮರಗಟ್ಟುವುದು. ಆದಕಾರಣ ಕೇಳಿಕೆಯನ್ನು ಕಳುಹಿಸಿದ ಕೂಡಲೇ ಅದು ಮುಂದಿನ ಸಾಲಿಗೆ ಹೋಗುವುದು. ಇದಕ್ಕೆ ಅಸಿಂಕ್ರೊನಸ್ ಕರೆಯೆಂದು ಹೆಸರು.

ದರ್ಜಿಯಲ್ಲಿ ಬಟ್ಟೆ ಕೊಟ್ಟರೆ ಅವನು ಚೀಟಿ ಕೊಡುವನಷ್ಟೆ. ಚೀಟಿಯೇ ರವಿಕೆಯಲ್ಲ, ಅದನ್ನು ಉಡಲಾಗದು. ಗಣಕದಲ್ಲಿ ಇಂತಹ ಚೀಟಿಗೆ ಪ್ರಾಮಿಸ್, ಎಂದರೆ ವಾಗ್ದಾನ, ಎನ್ನುವರು. ಈ ಅರ್ಥದಲ್ಲಿ ಆ ಪದವನ್ನು ಫ್ರೀಡ್‌ಮನ್ ಮತ್ತು ವೈಸ್ ಎಂಬ ವಿದ್ವಾಂಸರು 1976ರಲ್ಲಿ ಬಳಸಿದರು. ಜಾವಾಸ್ಕ್ರಿಪ್ಟಿನ ಪ್ರಮಾಣಗ್ರಂಥದಲ್ಲಿ ಅದು 2015ರಲ್ಲಿ ಸೇರಿತು. ವಾಗ್ದಾನಕ್ಕೆ ಮೂರು ಅವಸ್ಥೆಗಳು: ಇನ್ನೂ ಬಾಕಿಯಿರುವುದು, ನೆರವೇರಿದುದು, ಮುರಿದುಬಿದ್ದುದು. 2017ರಲ್ಲಿ ಅದೇ ಭಾಷೆಗೆ ಬಂದ ಅವೇಟ್ ಎಂಬ ಪದವು, ವಾಗ್ದಾನವು ಇತ್ಯರ್ಥವಾಗುವವರೆಗೆ ಆ ಒಂದು ಕಾರ್ಯವನ್ನು ಮಾತ್ರ ತಡೆದಿಟ್ಟು, ಯಂತ್ರದ ಕೈಯನ್ನು ಇತರ ಕೆಲಸಗಳಿಗೆ ಬಿಡುವುದು.

ಗಡಿಯಾರವನ್ನು ನೋಡಿ ಊಹಿಸುವುದಕ್ಕೂ ಸಮಾಚಾರ ಬರುವವರೆಗೆ ಕಾಯುವುದಕ್ಕೂ ಇರುವ ಭೇದವನ್ನು ನಮ್ಮ ಕೆಂಗೇರಿಯ ಮಾರ್ಗದಲ್ಲಿಯೇ ಕಾಣಬಹುದು. ಬೆಂಗಳೂರಿನಿಂದ ಹೊರಟ ರೈಲುಹಾದಿ 1882ರಲ್ಲಿ ಮೈಸೂರನ್ನು ಮುಟ್ಟಿತು. ಜೋಡಿಹಳಿ ಬಂದುದು ಬಹುಕಾಲದ ನಂತರ. ಒಂಟಿಹಳಿಯ ದಾರಿಯಲ್ಲಿ, ಎದುರಿನ ಗಾಡಿ ಇಷ್ಟುಹೊತ್ತಿಗೆ ಬಂದಿರಬೇಕೆಂದು ಊಹಿಸಿ ಯಾವ ಸ್ಟೇಷನ್ ಮಾಸ್ತರರೂ ಗಾಡಿಯನ್ನು ಬಿಡುವಂತಿಲ್ಲ. ದಾರಿ ತೆರವಾಗಿದೆಯೆಂದು ಮುಂದಿನ ನಿಲ್ದಾಣವೇ ತಿಳಿಸಬೇಕು. ನನ್ನ ಎರಡು ಸೆಕೆಂಡು ಬರಿಯ ಊಹೆಯಾಗಿತ್ತು.

ಅನೇಕ ಕರೆಗಳಿರುವಾಗ ಹೇಗೆ ಕಾಯಬೇಕು? ಅಕ್ಕ ಕೆಂಗೇರಿಯಿಂದಲೂ ತಂಗಿ ರಾಜಾಜಿನಗರದಿಂದಲೂ ಮೆಟ್ರೋದಲ್ಲಿ ಹೊರಟು, ಮೆಜೆಸ್ಟಿಕ್‌ನಲ್ಲಿ ಕೂಡಿ, ಮುಂದೆ ಒಟ್ಟಿಗೆ ಹೋಗುವರೆಂದು ಭಾವಿಸೋಣ. ಅಕ್ಕನಿಗೆ 30 ನಿಮಿಷ, ತಂಗಿಗೆ 12 ನಿಮಿಷ ಹಿಡಿಯಲಿ. ಅಕ್ಕ ತಲಪಿದ ಮೇಲೆಯೇ ತಂಗಿ ಹೊರಟರೆ 42 ನಿಮಿಷವಾಗುವುದು. ಇಬ್ಬರೂ ಒಂದೇ ಸಮಯಕ್ಕೆ ಹೊರಟರೆ 30 ನಿಮಿಷ ಸಾಕು. ಒಂದರ ಉತ್ತರವು ಇನ್ನೊಂದರ ಕೇಳಿಕೆಗೆ ಬೇಕಾಗಿದ್ದರೆ ಮಾತ್ರ ಒಂದಾದಮೇಲೊಂದು ಕಾಯತಕ್ಕದ್ದು. ಇಲ್ಲವಾದರೆ ಎಲ್ಲವನ್ನೂ ಮೊದಲೇ ಹೊರಡಿಸಿ, ಪ್ರಾಮಿಸ್ ಆಲ್ ಎಂಬುದರಿಂದ ಒಟ್ಟಾಗಿ ಕಾಯತಕ್ಕದ್ದು. ಫಾರ್‌ಈಚ್ ಎಂಬ ಆವರ್ತನದ ಒಳಗೆ ಅವೇಟ್ ಬರೆದು, ಎಲ್ಲವೂ ಮುಗಿಯುವವರೆಗೆ ಪ್ರೋಗ್ರಾಮು ಕಾಯುವುದೆಂದು ನಂಬಿ ಅನೇಕರು ಮೋಸಹೋಗುವರು. ಅದು ಒಳಗಿನ ವಾಗ್ದಾನಗಳನ್ನು ಲೆಕ್ಕಿಸದೆ ಮುಂದೆ ಹೋಗುವುದು.

ತಂಗಿ ಬಾರದೇ ಹೋದರೆ? ಪ್ರಾಮಿಸ್ ಆಲ್‌ನಲ್ಲಿ ಒಂದು ವಾಗ್ದಾನ ಮುರಿದರೂ ಇಡೀ ಕಾರ್ಯವು ವಿಫಲವೆಂದೆಣಿಸಲ್ಪಡುವುದು. ಪ್ರತಿಯೊಂದರ ಗತಿಯನ್ನೂ ಪ್ರತ್ಯೇಕವಾಗಿ ತಿಳಿಯಬೇಕಾದರೆ, 2020ರಲ್ಲಿ ಸೇರಿದ ಪ್ರಾಮಿಸ್ ಆಲ್‌ಸೆಟಲ್ಡ್ ಉಪಯುಕ್ತ. ಕಾಯುವುದಕ್ಕೆ ಒಂದು ಗಡುವೂ ಇರಬೇಕು. ಆದರೆ ಗಡುವು ಮೀರಿದಾಗ “ಅಂಕ ಬಂದಿಲ್ಲ” ಎಂದು ಬರೆಯಬೇಕೇ ಹೊರತು ಸೊನ್ನೆಯನ್ನು ಬರೆಯಕೂಡದು. ಬಾರದಿರುವುದು ಬೇರೆ, ಸೊನ್ನೆ ಬೇರೆ. ಇಷ್ಟನ್ನು ನಾನು ಅರಿತಿದ್ದರೆ ಆ ಮಗು ಅಳಬೇಕಾಗುತ್ತಿರಲಿಲ್ಲ.

ಹತ್ತು ಮಂದಿ ಕನ್ನಿಕೆಯರ ಸಾಮ್ಯವನ್ನು ಓದಿದವರಿಗೆ ಈ ವಿಚಾರ ಹೊಸದಲ್ಲ. ಆ ಹತ್ತು ಮಂದಿಯೂ ಕಾದರು. ಮದಲಿಂಗನು ತಡಮಾಡಬಹುದೆಂದು ಬಗೆದು ಎಣ್ಣೆಯನ್ನು ಕೂಡ ತಂದವರು ಐವರೇ. ನಮ್ಮ ಹೆಣ್ಣುಮಕ್ಕಳು ಬರೆಯುವ ಪ್ರೋಗ್ರಾಮುಗಳಲ್ಲಿಯೂ ಅಂತಹ ಮುಂದಾಲೋಚನೆಯಿರಲಿ. ಇನ್ನೂ ಉತ್ತರ ಬಾರದ ಮಕ್ಕಳ ವಿಷಯದಲ್ಲಿ ಅವಸರದಿಂದ ಸೊನ್ನೆ ಬರೆಯದಿರುವ ತಾಳ್ಮೆಯು ತಂದೆತಾಯಿಗಳಾದ ನಮ್ಮಲ್ಲಿಯೂ ಇರಲಿ.