ಗುಂಡ್ಲು ಹೊಳೆಗೆ ಗೊಬ್ಬರ ಹರಿಯಬಿಡಬೇಡಿ

ಗುಂಡ್ಲುಪೇಟೆ, ಚಾಮರಾಜನಗರ ತಾಲ್ಲೂಕುಗಳ ರೈತರು ಮತ್ತು ಪಟ್ಟಣದವರ ಗಮನಕ್ಕೆ

ಗುಂಡ್ಲು ಹೊಳೆ ನಂಜನಗೂಡಿನ ಬಳಿ ಕಪಿಲೆಗೆ ಸೇರುತ್ತದೆ, ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಗೆ. ಸುವರ್ಣಾವತಿಯೂ ಕಾವೇರಿಗೇ. ಅಲ್ಲಿಂದ ಮುಂದೆ ಪೂಂಪುಹಾರಿನ ಕಡಲು. ಅರಿಶಿನದ ಹೊಲದಿಂದ ತೊಳೆದುಹೋದ ಗೊಬ್ಬರಕ್ಕೂ ಇದೇ ದಾರಿ. ಒಂದಷ್ಟನ್ನು ಕೆರೆಕಟ್ಟೆಗಳು ತಡೆದು ಹಿಡಿಯುತ್ತವೆ; ಹಾಗಾಗಿ ಮೊದಲ ಪೆಟ್ಟು ನಮ್ಮ ಕೆರೆಗೇ.

ಮಾಡಬಾರದ್ದು

ಮೋಡ ಕಟ್ಟಿರುವಾಗ ಯೂರಿಯಾ ಎರಚಬೇಡಿ. 45 ಕಿಲೋ ಮೂಟೆಯಲ್ಲಿ ಸುಮಾರು 20 ಕಿಲೋ ಸಾರಜನಕವಿದೆ, ಅದು ನೀರಿನಲ್ಲಿ ಕರಗಿ ಹೋಗುವಂಥದ್ದು. ಚಿತ್ತೆ, ಸ್ವಾತಿ ಮಳೆ ಒಂದು ರಾತ್ರಿ ಜೋರಾಗಿ ಹೊಡೆದರೆ ಕೊಟ್ಟ ದುಡ್ಡೂ ಹೊಳೆಗೇ.

ಪಕ್ಕದ ಹೊಲದವರು ಎರಡು ಮೂಟೆ ಹಾಕಿದರೆಂದು ನೀವು ಮೂರು ಹಾಕಬೇಡಿ.

ಬದು ಒಡೆದು ಉಳಬೇಡಿ. ಡಿಎಪಿಯ ರಂಜಕ ಮಣ್ಣಿಗೆ ಅಂಟಿಕೊಳ್ಳುತ್ತದೆ; ಮಣ್ಣು ಕೊಚ್ಚಿಹೋದರೆ ಅದೂ ಹೋಗುತ್ತದೆ. ಕೆರೆಯನ್ನು ಹಸಿರುಗಟ್ಟಿಸಲು ರಂಜಕ ಸ್ವಲ್ಪವಿದ್ದರೂ ಸಾಕು.

ಹಳ್ಳದ ದಡದಲ್ಲಿ ತಿಪ್ಪೆ ಬೇಡ. ಶೌಚದ ಗುಂಡಿ ಬಳಿದ ಟ್ಯಾಂಕರನ್ನು ಹಳ್ಳಕ್ಕೆ ಖಾಲಿ ಮಾಡಲು ಯಾರಿಗೂ ಬಿಡಬೇಡಿ, ಎಷ್ಟೇ ದೊಡ್ಡವರ ಮನೆಯದಾಗಿರಲಿ.

ಬೆಳಗಿನ ಜಾವ ಕೆರೆಯ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ, ಯಾರೋ ವಿಷ ಹಾಕಿದರೆಂದು ಜಗಳಕ್ಕೆ ಹೋಗುವ ಮುನ್ನ ನೀರಿನ ಬಣ್ಣ ನೋಡಿ. ಗೊಬ್ಬರ ತಿಂದು ಬೆಳೆದ ಪಾಚಿ ರಾತ್ರಿಯೆಲ್ಲ ನೀರಿನ ಆಮ್ಲಜನಕ ಹೀರುತ್ತದೆ, ಸತ್ತು ಕೊಳೆಯುವಾಗ ಉಳಿದದ್ದನ್ನೂ ಮುಗಿಸುತ್ತದೆ. ಅಮೆರಿಕದ ಮಿಸಿಸಿಪ್ಪಿ ನದಿ ಸೇರುವ ಕಡಲಿನಲ್ಲಿ ಪ್ರತಿ ಬೇಸಿಗೆಯಲ್ಲೂ ಹೀಗೇ ಆಗಿ, ತಳದ ನೀರಿನಲ್ಲಿ ಮೀನು ನಿಲ್ಲುವುದಿಲ್ಲ. ಕೆರೆಯ ಹಸಿರುಗಟ್ಟಿದ ನೀರನ್ನು ದನಕರುಗಳಿಗೆ ಕುಡಿಸಬೇಡಿ. ಕೆಲವು ಪಾಚಿಗಳಲ್ಲಿ ವಿಷವಿರುತ್ತದೆ.

ಮಾಡಬೇಕಾದ್ದು

ಬಿತ್ತುವ ಮುನ್ನ ಮಣ್ಣು ಪರೀಕ್ಷೆ ಮಾಡಿಸಿ. ರೈತ ಸಂಪರ್ಕ ಕೇಂದ್ರದಲ್ಲೋ ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ವಿಚಾರಿಸಿ.

ಮಳೆ ನಿಂತು ನೆಲ ಹದವಾಗಿರುವಾಗ, ಕಂತು ಕಂತಾಗಿ, ಬುಡಕ್ಕೆ ಗೊಬ್ಬರ ಕೊಟ್ಟು ಮಣ್ಣು ಮುಚ್ಚಿ. ಬಾಳೆಗೆ ಡ್ರಿಪ್ ಇದ್ದರೆ ಅದರಲ್ಲೇ ಕೊಡಿ. ಹಳ್ಳದ ಅಂಚಿನಲ್ಲಿ ಹುಲ್ಲಿನ ಪಟ್ಟಿ ಬಿಡಿ; ದನಕ್ಕೆ ಮೇವೂ ಆಗುತ್ತದೆ.

ಗೊಬ್ಬರದ ಸಾರಜನಕ ನೈಟ್ರೇಟ್ ಆಗಿ ನೆಲದೊಳಗಿನ ನೀರಿಗೂ ಇಳಿಯುತ್ತದೆ; ಕೂಸಿರುವ ಮನೆಯವರು ಬೋರ್‌ವೆಲ್ ನೀರಿನ ನೈಟ್ರೇಟ್ ತಪ್ಪದೆ ಪರೀಕ್ಷೆ ಮಾಡಿಸಿ. ಲೀಟರಿಗೆ 45 ಮಿಲಿಗ್ರಾಂ ದಾಟಿದರೆ ಕೂಸಿನ ಹಾಲಿಗೆ ಆ ನೀರು ಬೆರೆಸಬಾರದು. ಕುದಿಸಿದರೂ ನೈಟ್ರೇಟ್ ಹೋಗುವುದಿಲ್ಲ, ನೀರು ಬತ್ತಿದಷ್ಟೂ ಗಟ್ಟಿಯಾಗುತ್ತದೆ. ಬೇರೆ ಕಡೆಯಿಂದ ನೀರು ತನ್ನಿ.